ಗರ್ಭಕೋಶದ ಆಪರೇಷನ್ ನಂತರ ಅತ್ತಿಗೆಯ ಚೇತರಿಕೆಯ ಫೋಟೊಗಳನ್ನು ಹೇಗೆ ತೆಗೆಯಲಿ?

ಗರ್ಭಕೋಶ ತೆಗೆಸಿಕೊಳ್ಳಲಿರುವ ನಿಮ್ಮ ಅತ್ತಿಗೆ ಚೇತರಿಕೆಯ ದಿನಗಳ ಫೋಟೊಗಳನ್ನು ನಿಮ್ಮಿಂದಲೇ ತೆಗೆಸಬೇಕೆಂದಿದ್ದಾರೆ, ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೀರಿ. ಫೈಬ್ರಾಯ್ಡ್ ಗೆಡ್ಡೆಗಳಿಂದಾಗಿ ನನ್ನ ಅಕ್ಕನಿಗೆ ಹೊಟ್ಟೆ ಕೊಯ್ದು ಇದೇ ಆಪರೇಷನ್ ಆದಾಗ, ಬಸವನಗುಡಿಯ ಮನೆಯಲ್ಲಿ ಎಂಟು ವಾರ ಅವಳ ಫೋಟೊ ತೆಗೆದವಳು ನಾನು.

ಹೊಲಿಗೆಯಿಂದ ಮಾತ್ರ ಆರಂಭಿಸಬೇಡಿ. ದಿನವೂ ಒಂದೇ ಹೊತ್ತಿಗೆ, ಒಂದೇ ಕಿಟಕಿಯ ಬೆಳಕಿನಲ್ಲಿ, ಒಂದೇ ದೂರದಿಂದ, ಫ್ಲ್ಯಾಶ್ ಇಲ್ಲದೆ ತೆಗೆದ ಹೊಲಿಗೆಯ ಚಿತ್ರಗಳು ಕೆಂಪು ಹರಡುತ್ತಿದೆಯೇ ಎಂದು ವೈದ್ಯರಿಗೆ ತೋರಿಸಲು ಉಪಯೋಗಕ್ಕೆ ಬರುತ್ತವೆ, ಅಷ್ಟೆ. ಜ್ವರವೋ ಕೀವೋ ಹೆಚ್ಚಿನ ರಕ್ತಸ್ರಾವವೋ ಕಂಡರೆ ಕ್ಯಾಮೆರಾ ಬದಿಗಿಟ್ಟು ಆಸ್ಪತ್ರೆಗೆ ಹೊರಡಬೇಕು.

ನನಗೆ ಚೇತರಿಕೆ ಕಂಡದ್ದು ಮನೆಗೆಲಸದಲ್ಲಿ. ಕೆಮ್ಮು ಬಂದಾಗಲೆಲ್ಲ ಅಕ್ಕ ಚಿಕ್ಕ ದಿಂಬೊಂದನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದಳು; ಭಾವ ಏನೋ ತಮಾಷೆ ಮಾಡಿದಾಗ ಒಂದು ಕೈಯಲ್ಲಿ ಅದೇ ದಿಂಬು ಒತ್ತಿಕೊಂಡು, ಇನ್ನೊಂದು ಕೈಯನ್ನು ಅಡ್ಡ ಆಡಿಸುತ್ತ "ನಗಿಸಬೇಡಿ, ದಮ್ಮಯ್ಯ" ಎಂದ ಚಿತ್ರ ಹೊಲಿಗೆಯ ಯಾವ ಚಿತ್ರಕ್ಕಿಂತಲೂ ಹೆಚ್ಚು ಹೇಳುತ್ತದೆ. ಆರು ವಾರ ಭಾರ ಎತ್ತುವಂತಿಲ್ಲ, ಬಗ್ಗಿ ಕೆಲಸ ಮಾಡುವಂತಿಲ್ಲ ಎಂದು ವೈದ್ಯರು ಹೇಳಿದ್ದರಿಂದ ಹೊಸ್ತಿಲ ಮುಂದಿನ ರಂಗೋಲಿ ಕೆಲಸದಾಕೆಯ ಪಾಲಾಯಿತು. ಅಕ್ಕ ಬಾಗಿಲಿಗೊರಗಿ ನಿಂತು ಆ ನಾಲ್ಕು ಗೆರೆಗಳಲ್ಲಿ ದಿನವೂ ತಪ್ಪು ಹುಡುಕುತ್ತಿದ್ದಳು. ಏಳನೆಯ ವಾರ ತಾನೇ ಕುಕ್ಕರುಗಾಲಲ್ಲಿ ಕೂತು ಚುಕ್ಕಿ ಇಟ್ಟಳು. ನಿಮ್ಮ ಅತ್ತಿಗೆಯದು ಸಣ್ಣ ರಂಧ್ರಗಳ ಮೂಲಕ ಮಾಡುವ ಲ್ಯಾಪರೋಸ್ಕೋಪಿಯಾದರೆ ಇದೆಲ್ಲ ಬೇಗ ಮುಗಿಯುತ್ತದೆ. ಅಂಡಾಶಯಗಳನ್ನೂ ತೆಗೆದರೆ ಮುಟ್ಟು ನಿಲ್ಲುವ ಕಾಲದ ಬಿಸಿ, ಬೆವರು, ನಿದ್ದೆಗೇಡು ಒಮ್ಮೆಲೇ ಬರಬಹುದು. ನಡುರಾತ್ರಿ ಫ್ಯಾನಿನ ಕೆಳಗೆ ಕೂತವರನ್ನು ಕೇಳದೆ ಕ್ಲಿಕ್ಕಿಸಬೇಡಿ.

ಮೊದಲ ದಿನ ಒಪ್ಪಿದರೆಂದು ಎಲ್ಲ ದಿನವೂ ಒಪ್ಪಿದಂತಲ್ಲ. ವಾರ್ಡಿನಲ್ಲಿ ತೆಗೆಯುವುದಾದರೆ ಆಸ್ಪತ್ರೆಯ ಅನುಮತಿ ಬೇಕು, ಪಕ್ಕದ ಮಂಚದವರು ಚೌಕಟ್ಟಿನೊಳಗೆ ಬರಬಾರದು.

ನಾನು ಎಡವಿದ್ದು ಬೇರೆ ಕಡೆ. ಫೋನಿನ ಫೋಟೊಗಳು ತಾವಾಗಿಯೇ ಕ್ಲೌಡಿಗೆ ಹೋಗುತ್ತಿದ್ದವು, ಮನೆಯ ಟಿವಿ ಅದಕ್ಕೇ ಜೋಡಿಸಿತ್ತು; ನೋಡಲು ಬಂದ ನೆಂಟರು ಕಾಫಿ ಕುಡಿಯುತ್ತಿದ್ದಾಗ ಪರದೆಯ ಮೇಲೆ ಅಕ್ಕನ ಹೊಟ್ಟೆ ಮೂಡಿತು. ಅಂದೇ ಆ ಸೌಲಭ್ಯವನ್ನು ನಿಲ್ಲಿಸಿ, ಎಲ್ಲವನ್ನೂ ಒಂದು ಮೆಮೊರಿ ಕಾರ್ಡಿಗೆ ಹಾಕಿ ಅವಳ ಕೈಗೇ ಕೊಟ್ಟೆ. ಅದರಲ್ಲಿ ಎಷ್ಟನ್ನು ಅಳಿಸಿದಳೆಂದು ನಾನು ಕೇಳಿಲ್ಲ.