ಹೇಸರಗತ್ತೆ ಹುಟ್ಟಿದರೂ ಕುದುರೆ, ಕತ್ತೆ ಬೇರೆ ಏಕೆ?

ಪ್ರಶ್ನೆ: ಕುದುರೆಯೂ ಕತ್ತೆಯೂ ಕೂಡಿದರೆ ಹೇಸರಗತ್ತೆ ಹುಟ್ಟುತ್ತದೆ. ಹೀಗಿದ್ದರೂ ಅವೆರಡನ್ನು ಬೇರೆ ಪ್ರಭೇದಗಳೆನ್ನುವುದೇಕೆ? ಒಂದು ಪ್ರಭೇದ ಎರಡಾಗುವುದಾದರೂ ಹೇಗೆ?
– ಓದುಗರೊಬ್ಬರು, ಸಾಗರ

ಉತ್ತರ: ಮರಿ ಹುಟ್ಟಿದರಷ್ಟೇ ಸಾಲದು, ಆ ಮರಿಯಿಂದ ಸಂತತಿ ಮುಂದುವರಿಯಬೇಕು. ಕುದುರೆಗೆ 64 ವರ್ಣತಂತುಗಳು (ಜೀವಕೋಶಗಳಲ್ಲಿ ವಂಶವಾಹಿಗಳನ್ನು ಹೊತ್ತ ಎಳೆಗಳು, ಕ್ರೋಮೊಸೋಮ್), ಕತ್ತೆಗೆ 62; ಎರಡರಿಂದಲೂ ಅರ್ಧರ್ಧ ಪಡೆದ ಹೇಸರಗತ್ತೆಗೆ 63. ಅಂಡಾಣು, ವೀರ್ಯಾಣುಗಳು ರೂಪುಗೊಳ್ಳುವಾಗ ವರ್ಣತಂತುಗಳು ಜೋಡಿಯಾಗಬೇಕು. ಇಲ್ಲಿ ಜೋಡಿ ಸರಿಹೊಂದದ ಕಾರಣ, ತೀರ ವಿರಳ ಪ್ರಸಂಗಗಳನ್ನು ಬಿಟ್ಟರೆ, ಹೇಸರಗತ್ತೆಗೆ ಮರಿಗಳಾಗುವುದಿಲ್ಲ.

ಇದು ಕೊನೆಯ ತಡೆ. ಕಾಡಿನಲ್ಲಿ ಅನೇಕ ತಡೆಗಳು ಕೂಡುವ ಮೊದಲೇ ಇರುತ್ತವೆ. ನಿಮ್ಮ ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ತೊರೆಗಳಲ್ಲಿ ಕುಂಬಾರ ಕಪ್ಪೆಯಿದೆ. 2014ರಲ್ಲಿ ವಿಜ್ಞಾನಿಗಳು ಅದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. ಮೊಟ್ಟೆಯಿಡುವ ಹೊತ್ತಿನಲ್ಲಿ ಗಂಡು ಹೆಣ್ಣುಗಳೆರಡೂ ಮುಂಗಾಲೂರಿ ತಲೆಕೆಳಗಾಗಿ ನಿಲ್ಲುತ್ತವೆ. ಆಮೇಲೆ ಗಂಡು ತೊರೆಯ ತಳದ ಕೆಸರನ್ನು ಮುಂಗಾಲುಗಳಲ್ಲಿ ಬಾಚಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಕಪ್ಪೆಗಳಲ್ಲಿ ಹೆಣ್ಣು ಸಾಮಾನ್ಯವಾಗಿ ತನ್ನ ಪ್ರಭೇದದ ಕೂಗಿಗೇ ಓಗೊಡುತ್ತದೆ. ಅದಕ್ಕೆ ಸೇರಿಕೊಂಡು ಇಂಥ ವಿಶಿಷ್ಟ ನಡವಳಿಕೆಯೂ ಇದ್ದಾಗ, ಒಂದೇ ನೀರಿನಲ್ಲಿದ್ದರೂ ನೆಂಟ ಕಪ್ಪೆಗಳ ವಂಶಗಳು ಬೆರೆಯುವುದು ಕಷ್ಟ. ಮಳೆಗಾಲದ ಇರುಳಿನಲ್ಲಿ ನಮಗೆ ಗದ್ದಲವೆನಿಸುವುದು ಅವುಗಳಿಗೆ ಸ್ಪಷ್ಟವಾದ ಕರೆ.

ಇಂಥ ತಡೆಗಳು ಹುಟ್ಟುವ ಬಗೆಗಳಲ್ಲಿ ಮುಖ್ಯವಾದದ್ದು ನೆಲೆಯ ಅಗಲಿಕೆ. ಬಾಬಾಬುಡನ್‌ಗಿರಿಯಿಂದ ನೀಲಗಿರಿಯವರೆಗಿನ ಶೋಲಾ ಕಾಡುಗಳಲ್ಲಿ ವಾಸಿಸುವ ಶೋಲಾಕಿಳಿ ಹಕ್ಕಿಯ ಪಕ್ಕೆಗಳು ಕೆಂಗಂದು. ಪಾಲಕ್ಕಾಡ್ ಕಣಿವೆಯ ದಕ್ಷಿಣದ ಬೆಟ್ಟಗಳಲ್ಲಿರುವುದರ ಪಕ್ಕೆಗಳು ನೀಲಿಬೂದು. ತಂಪಾದ ಎತ್ತರದ ಕಾಡಿಗೆ ಒಗ್ಗಿದ ಈ ಹಕ್ಕಿಗೆ ಸುಮಾರು 30 ಕಿ.ಮೀ. ಅಗಲದ ಆ ಬಿಸಿ ತಗ್ಗು ಕಡಲಿನಂತೆ ಅಡ್ಡವಾಗಿದೆ. ಹೀಗೆ ಅಗಲಿದ ಗುಂಪುಗಳಲ್ಲಿ ಸಾವಿರಾರು ತಲೆಮಾರುಗಳ ಕಾಲ ಬೇರೆ ಬೇರೆ ಮಾರ್ಪಾಟುಗಳು ಸೇರುತ್ತಾ ಹೋದರೆ, ಮುಂದೆ ಎದುರುಬದುರಾದರೂ ಅವು ಕೂಡದಿರಬಹುದು.

ಇಲ್ಲೊಂದು ತೊಡಕಿದೆ. ‘ತಮ್ಮೊಳಗೇ ಕೂಡಿ ಸಂತತಿ ಬೆಳೆಸುವ ಗುಂಪು’ ಎಂಬ, ಜೀವವಿಜ್ಞಾನಿ ಅರ್ನ್‌ಸ್ಟ್ ಮಾಯರ್ 1942ರಲ್ಲಿ ಪ್ರತಿಪಾದಿಸಿದ ಅಳತೆಗೋಲನ್ನು ಎಂದೂ ಭೇಟಿಯಾಗದ ಈ ಹಕ್ಕಿಗಳಿಗೆ ನೇರವಾಗಿ ಹಚ್ಚಲಾಗದು. ಆದ್ದರಿಂದಲೇ ಬಹುಕಾಲ ಇವೆರಡನ್ನೂ ಒಂದೇ ಪ್ರಭೇದವೆಂದು ಎಣಿಸಿದವರೂ ಇದ್ದರು. ಮೈಬಣ್ಣದ ಜೊತೆಗೆ ಡಿಎನ್‌ಎಯನ್ನೂ ಹೋಲಿಸಿ ನೋಡಿದ ಮೇಲೆ ಇವು ಎರಡೆಂಬ ಮಾತಿಗೆ ಬಲ ಬಂದಿತು.