ಯಾವ ಹೆಡ್‌ಫೋನ್‌ನ ಸದ್ದು ಚೆನ್ನ? ಮೊದಲು ವಾಲ್ಯೂಮ್ ಸಮ ಮಾಡಿಕೊಳ್ಳಿ

ಪ್ರಶ್ನೆ: ಸರ್, ನಾನಿರುವುದು ಡೊಂಬಿವಲಿಯಲ್ಲಿ. ಮನೆಯಲ್ಲೇ ಭಾವಗೀತೆ ರೆಕಾರ್ಡ್ ಮಾಡಿ ಮಿಕ್ಸ್ ಮಾಡುತ್ತೇನೆ. ಹಾರ್ಮೋನಿಯಂ, ತಬಲಾ, ತಂಬೂರಿ, ಒಂದೋ ಎರಡೋ ಧ್ವನಿ, ಅಷ್ಟೇ. ಸೋನಿ ಎಂಡಿಆರ್-7506, ಆಡಿಯೋ-ಟೆಕ್ನಿಕಾ ಎಂ50ಎಕ್ಸ್, ಬೆಯರ್‌ಡೈನಾಮಿಕ್ ಡಿಟಿ 770 ಪ್ರೊ (80 ಓಮ್), ಸೆನ್‌ಹೈಸರ್ ಎಚ್‌ಡಿ 600, ಈ ನಾಲ್ಕರಲ್ಲಿ ಒಂದನ್ನು ಕೊಳ್ಳಬೇಕು. ಅಂಗಡಿಯಲ್ಲಿ ಒಂದೊಂದನ್ನೂ ಹಾಕಿಕೊಂಡು ಕೇಳಿದೆ. ಸೋನಿ ತುಂಬಾ ಕ್ಲಿಯರ್ ಅನಿಸಿತು, ಡಿಟಿ 770 ಮಂಕು ಅನಿಸಿತು. ಆದರೆ ಓದಿದ ಕಡೆಯೆಲ್ಲ ಡಿಟಿ 770ರಲ್ಲಿ ಟ್ರೆಬಲ್ (ಮೇಲಿನ ಚೂಪು ಸದ್ದು) ಜಾಸ್ತಿ ಅಂತ ಬರೆದಿದ್ದಾರೆ. ನನ್ನ ಕಿವಿಯೇ ಸರಿಯಿಲ್ಲವಾ? ಹೋಲಿಸುವುದು ಹೇಗೆ?

ಉತ್ತರ: ನಿಮ್ಮ ಕಿವಿ ಸರಿಯಾಗೇ ಇದೆ. ವಾಲ್ಯೂಮ್ ನಾಬ್ ಮುಟ್ಟದೆ ಒಂದನ್ನು ಕಿತ್ತು ಇನ್ನೊಂದನ್ನು ಸಿಕ್ಕಿಸಿದಿರಿ, ಅಲ್ವಾ? ಹಾಗೆ ಮಾಡಿದರೆ ಯಾರಿಗೇ ಆದರೂ ಹೀಗೇ ಕೇಳಿಸುತ್ತದೆ.

ಲೆಕ್ಕ ನೋಡಿ. ಕಂಪನಿ ಕೊಡುವ ಅಂಕಿ ಪ್ರಕಾರ ಸೋನಿ 7506 ಒಂದು ಮಿಲಿವ್ಯಾಟ್‌ಗೆ 106 ಡೆಸಿಬಲ್ ಸದ್ದು ಕೊಡುತ್ತದೆ, ಅದರ ಇಂಪಿಡೆನ್ಸ್ (ಕರೆಂಟಿಗೆ ಒಡ್ಡುವ ತಡೆ) 63 ಓಮ್. ಡಿಟಿ 770ರ 80 ಓಮ್ ಮಾಡೆಲ್ ಕೊಡುವುದು 96 ಡೆಸಿಬಲ್. ಅಂದರೆ ಒಂದೇ ಜ್ಯಾಕ್, ಒಂದೇ ನಾಬ್, ಒಂದೇ ಹಾಡು ಇದ್ದರೂ ಸೋನಿ ಸುಮಾರು 10 ಡೆಸಿಬಲ್ ಜೋರಾಗಿ ಹಾಡುತ್ತದೆ, ಕಿವಿಗೆ ಅದು ಹೆಚ್ಚುಕಡಿಮೆ ಎರಡರಷ್ಟು ಸದ್ದು. ಸದ್ದು ಕಡಿಮೆಯಾದಾಗ ನಮ್ಮ ಕಿವಿಗೆ ಬಾಸ್ (ಕೆಳಗಿನ ದಪ್ಪ ಸದ್ದು) ಮೊದಲು ಕಾಣೆಯಾಗುತ್ತದೆ, ಟ್ರೆಬಲ್‌ನ ಮೇಲ್ತುದಿಯೂ ಸ್ವಲ್ಪ ಮಂಕಾಗುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಜೋರಾಗಿ ಕೇಳಿದ್ದು ‘ಕ್ಲಿಯರ್’, ಮೆಲ್ಲಗೆ ಕೇಳಿದ್ದು ‘ಮಂಕು’. ಒಂದೇ ಡೆಸಿಬಲ್ ವ್ಯತ್ಯಾಸವಿದ್ದರೂ ಜನ ಅದನ್ನು ‘ಜೋರು’ ಅನ್ನುವುದಿಲ್ಲ, ‘ಇದರ ಸದ್ದೇ ಚೆನ್ನಾಗಿದೆ’ ಅನ್ನುತ್ತಾರೆ. ಅಂಗಡಿಯಲ್ಲಿ ನಿಂತು ನೀವು ಹೋಲಿಸಿದ್ದು ವಾಲ್ಯೂಮನ್ನು, ಹೆಡ್‌ಫೋನನ್ನಲ್ಲ.

ಸರಿಮಾಡುವುದು ಕಷ್ಟವಿಲ್ಲ. ನಿಮ್ಮದೇ ಲ್ಯಾಪ್‌ಟಾಪ್ ಮತ್ತು ಆಡಿಯೋ ಇಂಟರ್‌ಫೇಸ್ (ಮೈಕ್, ಹೆಡ್‌ಫೋನ್‌ಗಳನ್ನು ಲ್ಯಾಪ್‌ಟಾಪ್‌ಗೆ ಜೋಡಿಸುವ ಪೆಟ್ಟಿಗೆ) ಚೀಲಕ್ಕೆ ಹಾಕಿಕೊಂಡು ಹೋಗಿ. ಮುಂಬೈಯ ಧೋಬಿ ತಲಾವ್ ಕಡೆಯ ವಾದ್ಯದ ಅಂಗಡಿಯಾಗಲಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್ ಆಗಲಿ, ಸಂಜೆಯ ಗದ್ದಲ ಬಿಟ್ಟು ವಾರದ ನಡುವೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಹೋದರೆ ನೆಮ್ಮದಿಯಾಗಿ ಕೇಳಬಹುದು. ಹೊರಡುವ ಮೊದಲು ಆಡಾಸಿಟಿ ಎಂಬ ಸದ್ದು ಎಡಿಟ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಅರ್ಧ ನಿಮಿಷದ ಪಿಂಕ್ ನಾಯ್ಸ್ (ಬಾಸ್‌ನಿಂದ ಟ್ರೆಬಲ್‌ವರೆಗೆ ಎಲ್ಲವೂ ಬೆರೆತ ಸದ್ದು) ಮಾಡಿಕೊಂಡು, 500 ಹರ್ಟ್ಸ್ ಕೆಳಗಿನದನ್ನೂ 2000 ಹರ್ಟ್ಸ್ ಮೇಲಿನದನ್ನೂ ಫಿಲ್ಟರ್ ಹಾಕಿ ತೆಗೆದುಬಿಡಿ. ಉಳಿಯುವುದು ಬರೀ ‘ಶ್’ ಎನ್ನುವ ನಡುವಿನ ಸದ್ದು. ಹೆಡ್‌ಫೋನ್‌ಗಳ ನಡುವೆ ದೊಡ್ಡ ವ್ಯತ್ಯಾಸವಿರುವುದು ಬಾಸ್‌ನಲ್ಲಿ ಮತ್ತು ಟ್ರೆಬಲ್‌ನಲ್ಲಿ, ಅವೆರಡೂ ಇಲ್ಲದ ಈ ನಾಯ್ಸನ್ನು ಹೋಲಿಸುವ ಎರಡೂ ಹೆಡ್‌ಫೋನ್‌ನಲ್ಲಿ ಕೇಳಿ, ಒಂದೇ ಮಟ್ಟಕ್ಕೆ ಬರುವವರೆಗೆ ನಾಬ್ ತಿರುಗಿಸಿ, ಯಾವುದಕ್ಕೆ ಎಲ್ಲಿ ನಿಂತಿತು ಅಂತ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಆಮೇಲೆ ಹಾಡು ಹಾಕಿ. ಹೆಡ್‌ಫೋನ್ ಬದಲಿಸುವಾಗ ತಡ ಮಾಡಬೇಡಿ, ಸದ್ದಿನ ಸೂಕ್ಷ್ಮ ನಮ್ಮ ನೆನಪಿನಲ್ಲಿ ಉಳಿಯುವುದು ಕೆಲವೇ ಸೆಕೆಂಡು. ಹತ್ತು-ಹದಿನೈದು ಸೆಕೆಂಡಿನ ಒಂದೇ ತುಣುಕನ್ನು ಮತ್ತೆ ಮತ್ತೆ ಕೇಳಿ.

ಎರಡನೇ ಮೋಸ ಪ್ಯಾಡ್‌ನದು. ಕ್ಲೋಸ್ಡ್ (ಕಪ್ಪಿನ ಹಿಂಭಾಗ ಮುಚ್ಚಿರುವ) ಹೆಡ್‌ಫೋನ್‌ನ ಬಾಸ್ ಇರುವುದೇ ಪ್ಯಾಡ್ ಕಿವಿಯ ಸುತ್ತ ಸಂದಿಲ್ಲದೆ ಕೂತಿದ್ದರೆ. ಕನ್ನಡಕದ ಕಡ್ಡಿ, ದಪ್ಪ ಕೂದಲು, ಓಲೆ, ಇವು ಸಣ್ಣ ಸಂದು ಮಾಡಿದರೂ ಸಾಕು, ಬಾಸ್ ಸೋರಿಹೋಗುತ್ತದೆ. ಹಾಕಿಕೊಂಡ ಮೇಲೆ ಎರಡೂ ಕಪ್ಪನ್ನು ಅಂಗೈಯಲ್ಲಿ ಮೆಲ್ಲಗೆ ಒತ್ತಿ ನೋಡಿ. ಒತ್ತಿದಾಗ ತಬಲಾದ ಡಗ್ಗಾ (ಎಡಗೈಯಲ್ಲಿ ಬಾರಿಸುವ ದೊಡ್ಡದು) ತಟ್ಟನೆ ದಪ್ಪಗಾದರೆ ಸಂದು ಇದೆ ಅಂತಲೇ ಅರ್ಥ. ನೀವು ಕನ್ನಡಕದವರಾಗಿದ್ದರೆ ಇದೊಂದೇ ವಿಷಯಕ್ಕೆ ಒಂದು ಮಾಡೆಲ್ ಬಿಡಬೇಕಾಗಬಹುದು, ಬಿಡಿ, ತಪ್ಪಿಲ್ಲ.

ಇನ್ನು ಏನು ಕೇಳಬೇಕು? ಸಿನಿಮಾ ಹಾಡು ಬೇಡ. ಅದು ಆಗಲೇ ಮಾಸ್ಟರ್ ಆಗಿ, ಎಲ್ಲ ಕಡೆಯೂ ಚೆನ್ನಾಗಿ ಕೇಳಿಸುವ ಹಾಗೆ ತಯಾರಾಗಿ ಬಂದದ್ದು. ನಿಮ್ಮ ಮನೆಯವರ ಯಾರದ್ದಾದರೂ ಧ್ವನಿಯನ್ನು ಈಕ್ಯೂ (ಬಾಸ್, ಟ್ರೆಬಲ್ ಏರಿಳಿಸುವುದು), ರಿವರ್ಬ್ (ಮಾರ್ದನಿ ಸೇರಿಸುವುದು) ಏನೂ ಹಾಕದೆ ರೆಕಾರ್ಡ್ ಮಾಡಿಕೊಂಡು ಹೋಗಿ. ಅಮ್ಮ, ಹೆಂಡತಿ, ತಮ್ಮ, ಯಾರಾದರೂ ಸರಿ. ದಿನಾ ಎದುರು ಕೂತು ಕೇಳುವ ಧ್ವನಿ ಅದು, ಹೇಗಿರಬೇಕು ಅಂತ ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾವ ಹೆಡ್‌ಫೋನ್‌ನಲ್ಲಿ ಅವರು ಮೂಗಿನಲ್ಲಿ ಮಾತಾಡಿದಂತೆ ಕೇಳುತ್ತಾರೆ, ಯಾವುದರಲ್ಲಿ ‘ಸ’, ‘ಶ’ ಚುಚ್ಚುತ್ತದೆ, ಯಾವುದರಲ್ಲಿ ಅವರೇ ಅನಿಸುತ್ತಾರೆ, ಇದು ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ನಂಬಿಕೆಯ ಪರೀಕ್ಷೆ ಇಲ್ಲ.

ಆಮೇಲೆ ಡಗ್ಗಾ. ಬಾರಿಸುವವರು ಅಂಗೈ ಬುಡ ಒತ್ತಿ ‘ಘೇ’ಯನ್ನು ಕೆಳಗಿನಿಂದ ಮೇಲಕ್ಕೆ ಎಳೆಯುತ್ತಾರಲ್ಲ, ಆ ಎಳೆತ ಪೂರ್ತಿ ಒಂದೇ ಬಲದಲ್ಲಿ ಬರಬೇಕು. ನಡುವೆ ಒಂದು ಕಡೆ ಉಬ್ಬಿದರೆ ಅಲ್ಲಿ ಹೆಡ್‌ಫೋನ್ ತನ್ನದೊಂದು ಬಾಸ್ ಸೇರಿಸುತ್ತಿದೆ. ಶುರುವಿನಲ್ಲೇ ಸಪ್ಪೆಯಾಗಿದ್ದು ಮೇಲೆ ಹೋದಮೇಲೆ ತುಂಬಿಕೊಂಡರೆ ಕೆಳಗಿನ ಬಾಸ್ ಇಲ್ಲ. ತಂಬೂರಿಯಲ್ಲಿ ತಂತಿ ಹೊತ್ತ ಕುದುರೆಯ ಮೇಲಿನ ಜವಾರಿ ದಾರದಿಂದ ಏಳುವ ಝೇಂಕಾರ ಗಮನಿಸಿ. ಒಂದು ತಂತಿ ಮೀಟಿದ ಮೇಲೆ ಮೇಲಿನ ಸ್ವರಗಳು ಒಂದರ ಹಿಂದೊಂದು ಅರಳಿ ಇಳಿಯುತ್ತವೆ, ಅದು ನೀರು ಹರಿದ ಹಾಗೆ ಕೇಳಬೇಕು. ಯಾವುದೋ ಒಂದು ಎತ್ತರದಲ್ಲಿ ಮಾತ್ರ ಲೋಹದ ಹಾಗೆ ಮಿಂಚಿದರೆ ಅಲ್ಲಿ ಟ್ರೆಬಲ್‌ನ ಮೊನೆ ಇದೆ.

ಹೀಗೆ ಸಮ ಮಾಡಿ ಕೇಳಿದಾಗ ನಿಮ್ಮ ನಾಲ್ಕರಲ್ಲಿ ಏನು ಸಿಗುತ್ತದೆ, ಹೇಳುತ್ತೇನೆ. ಸೋನಿ 7506 ಬಂದದ್ದು 1991ರಲ್ಲಿ, ಇವತ್ತೂ ಡಬ್ಬಿಂಗ್, ಎಡಿಟಿಂಗ್ ಕೋಣೆಗಳಲ್ಲಿ ಕಾಣುತ್ತದೆ. ಅದರ ಟ್ರೆಬಲ್ ಸ್ವಲ್ಪ ಮುಂದೆ ಬಂದು ನಿಲ್ಲುತ್ತದೆ. ಹಾಡುವವರ ತುಟಿ ಸದ್ದು, ಉಸಿರು, ಎಡಿಟ್ ಮಾಡಿದಲ್ಲಿನ ‘ಟಕ್’, ಎಲ್ಲ ಹಿಡಿದು ತೋರಿಸುತ್ತದೆ. ಎಂ50ಎಕ್ಸ್‌ನಲ್ಲಿ ಬಾಸ್ ಒಂದು ಕೈ ಜಾಸ್ತಿ, ಕೇಳಲು ಖುಷಿ. ಡಿಟಿ 770ರಲ್ಲಿ ಬಾಸ್ ಆಳಕ್ಕೆ ಇಳಿಯುತ್ತದೆ, ಆದರೆ 8 ಕಿಲೋಹರ್ಟ್ಸ್ ಆಸುಪಾಸು ಚೂಪು ಇದೆ. ನೀವು ಓದಿದ್ದು ನಿಜವೇ, ಅಂಗಡಿಯ ವಾಲ್ಯೂಮ್‌ನಲ್ಲಿ ಅದು ಮುಚ್ಚಿಹೋಯಿತು. 1997ರಲ್ಲಿ ಬಂದ ಎಚ್‌ಡಿ 600 ಓಪನ್ ಮಾದರಿ, ಅಂದರೆ ಕಪ್ಪಿನ ಹಿಂಭಾಗ ತೆರೆದಿರುವುದು. ಧ್ವನಿ, ಹಾರ್ಮೋನಿಯಂ ಇರುವ ನಡುವಿನ ಜಾಗದಲ್ಲಿ ಅದು ಹೇಳುವಷ್ಟು ನೇರವಾಗಿ ಉಳಿದ ಮೂರೂ ಹೇಳುವುದಿಲ್ಲ. ತೀರಾ ಕೆಳಗಿನ ಬಾಸ್ ಮಾತ್ರ ಇಳಿದುಹೋಗುತ್ತದೆ.

ಇದು ನಿಮ್ಮ ಹಾಡಿಗೆ ಏಕೆ ಮುಖ್ಯ ಅಂದರೆ, ಮಿಕ್ಸ್ ಮಾಡುವಾಗ ನಾವು ಹೆಡ್‌ಫೋನ್‌ನ ತಪ್ಪನ್ನು ಹಾಡಿನಲ್ಲಿ ತಿದ್ದುತ್ತೇವೆ. ಹೆಡ್‌ಫೋನ್‌ನಲ್ಲಿ ಬಾಸ್ ಜಾಸ್ತಿ ಇದ್ದರೆ ಡಗ್ಗಾ ಇಳಿಸುತ್ತೀರಿ, ಹಾಡು ಸಂಘದ ಹಾಲ್‌ನ ಸ್ಪೀಕರಿಗೆ ಹೋದಾಗ ತಬಲಾ ಡಬ್ಬ ಬಡಿದಂತೆ ಕೇಳುತ್ತದೆ. ಟ್ರೆಬಲ್ ಚೂಪಾಗಿದ್ದರೆ ಧ್ವನಿಯ ಮೇಲ್ಭಾಗ ಕತ್ತರಿಸುತ್ತೀರಿ, ಸಾಹಿತ್ಯವೇ ತಿಳಿಯದ ಹಾಗೆ ಮಂಕಾಗುತ್ತದೆ. ಭಾವಗೀತೆಯಲ್ಲಿ ಪದ ತಿಳಿಯದಿದ್ದರೆ ಉಳಿಯುವುದೇನು ಹೇಳಿ.

ಒಂದೇ ಕೊಳ್ಳುವುದಾದರೆ ಸೋನಿ ತೆಗೆದುಕೊಳ್ಳಿ. ಹಾಡುವವರ ಕಿವಿಗೆ ತಂಬೂರಿ, ಕ್ಲಿಕ್ (ಲಯ ಹಿಡಿಯಲು ‘ಟಿಕ್ ಟಿಕ್’ ಸದ್ದು) ಕೊಡಲು ಕ್ಲೋಸ್ಡ್ ಬೇಕೇ ಬೇಕು, ಓಪನ್ ಹಾಕಿದರೆ ಅದೆಲ್ಲ ಮೈಕಿಗೆ ಸೋರುತ್ತದೆ. ಮುಂದೆ ದುಡ್ಡು ಕೂಡಿದಾಗ ಮಿಕ್ಸಿಂಗ್‌ಗೆ ಎಚ್‌ಡಿ 600. ಆದರೆ ಅದಕ್ಕೆ ನಿಶ್ಶಬ್ದ ಬೇಕು, ಹೊರಗಿನ ಸದ್ದೆಲ್ಲ ಒಳಗೆ ಬರುತ್ತದೆ. ಫ್ಯಾನ್ ತಿರುಗುತ್ತಿದ್ದರೆ ರಿವರ್ಬ್‌ನ ಬಾಲ ಕೇಳಿಸುವುದೇ ಇಲ್ಲ. ರೈಲ್ವೆ ಹಳಿಯ ಪಕ್ಕದ ಮನೆಯಾದರೆ ಕೊನೆಯ ಲೋಕಲ್ ಹೋದ ಮೇಲೆ ಕೂರಬೇಕು. ಮತ್ತೆ, ಯಾವುದನ್ನೇ ಕೊಂಡರೂ ಬಿಲ್, ವಾರಂಟಿ ಇರುವ ಕಡೆಯೇ ಕೊಳ್ಳಿ. ಸೋನಿ 7506 ಮತ್ತು ಎಂ50ಎಕ್ಸ್ ಎರಡಕ್ಕೂ ನಕಲಿ ಮಾಲು ಇದೆ, ನೋಡಲು ಥೇಟ್ ಹಾಗೇ ಇರುತ್ತದೆ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಿಂದ ಬರೆಯುತ್ತಿದ್ದೇನೆ. 250 ಓಮ್ ಹೆಡ್‌ಫೋನ್‌ನ ಸದ್ದು 80 ಓಮ್‌ಗಿಂತ ಚೆನ್ನ ಅಂತ ಗೆಳೆಯ ಹೇಳಿದ. ತಂದು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಸದ್ದೇ ಸಾಲುತ್ತಿಲ್ಲ. ಆಂಪ್ (ಹೆಡ್‌ಫೋನ್ ಆಂಪ್ಲಿಫೈಯರ್) ಕೊಳ್ಳಲಾ?

ಉತ್ತರ: ಓಮ್ ಜಾಸ್ತಿಯಾದರೆ ಗುಣಮಟ್ಟ ಜಾಸ್ತಿ ಅಂತೇನಿಲ್ಲ. ಅದು ಕರೆಂಟಿಗೆ ಎಷ್ಟು ತಡೆ ಇದೆ ಅನ್ನುವ ಅಂಕಿ, ಅಷ್ಟೇ. ಅಷ್ಟೇ ಸದ್ದಿಗೆ 250 ಓಮ್‌ನದು ಜಾಸ್ತಿ ವೋಲ್ಟೇಜ್ ಕೇಳುತ್ತದೆ, ಲ್ಯಾಪ್‌ಟಾಪ್ ಜ್ಯಾಕ್ ಅಷ್ಟು ಕೊಡುವುದಿಲ್ಲ. ನಿಮ್ಮ ಹತ್ತಿರ ಆಡಿಯೋ ಇಂಟರ್‌ಫೇಸ್ ಇದ್ದರೆ ಮೊದಲು ಅದಕ್ಕೆ ಹಾಕಿ ನೋಡಿ, ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಸಾಲದಿದ್ದರೆ ಮಾತ್ರ ಆಂಪ್. ಕೊಳ್ಳುವಾಗ ಅದರ ಔಟ್‌ಪುಟ್ ಇಂಪಿಡೆನ್ಸ್ ನೋಡಿ, ಹೆಡ್‌ಫೋನ್ ಇಂಪಿಡೆನ್ಸ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಲಿ. ಆಂಪ್ ಬಂದ ಮೇಲೆ ಮೊದಲ ದಿನ ಎಲ್ಲವೂ ಅದ್ಭುತ ಅನಿಸುತ್ತದೆ, ಅದರಲ್ಲಿ ದೊಡ್ಡ ಪಾಲು ವಾಲ್ಯೂಮ್‌ದೇ. ಎಚ್ಚರ, ಕಿವಿಗೆ ಅಪಾಯವೂ ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ, ಪ್ರತಿ 3 ಡೆಸಿಬಲ್ ಏರಿಸಿದಾಗ ಆ ಸಮಯ ಅರ್ಧವಾಗುತ್ತಾ ಹೋಗುತ್ತದೆ.

ಪ್ರಶ್ನೆ: ಅಂಧೇರಿಗೆ ದಿನಾ ಲೋಕಲ್‌ನಲ್ಲಿ ಓಡಾಡುತ್ತೇನೆ. ನಾಯ್ಸ್ ಕ್ಯಾನ್ಸಲಿಂಗ್ ಬ್ಲೂಟೂತ್ ಹೆಡ್‌ಫೋನ್ ಇದೆ, ಬೆಲೆಯೂ ಜಾಸ್ತಿ. ಮನೆಯಲ್ಲಿ ಹಾಡು ರೆಕಾರ್ಡ್ ಮಾಡಲೂ ಅದೇ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ಬ್ಲೂಟೂತ್‌ನಲ್ಲಿ ಸದ್ದು ಸಾಮಾನ್ಯವಾಗಿ 100 ಮಿಲಿಸೆಕೆಂಡಿಗೂ ಜಾಸ್ತಿ ತಡವಾಗಿ ಬರುತ್ತದೆ. ಕೇಳುವಾಗ ತೊಂದರೆಯಿಲ್ಲ, ಹಾಡುವಾಗ ನಿಮ್ಮ ಧ್ವನಿಯೇ ನಿಮಗೆ ತಡವಾಗಿ ಬಂದು ತಾಳ ತಪ್ಪಿಸುತ್ತದೆ. ಕೇಬಲ್ ಹಾಕಿ ಕೆಲಸ ಮಾಡಬಹುದು, ಆದರೆ ಇಂಥವುಗಳ ಸದ್ದನ್ನು ಒಳಗಿನ ಚಿಪ್ ತಿದ್ದುತ್ತಿರುತ್ತದೆ, ಪವರ್ ಆನ್ ಇದ್ದಾಗ ಒಂದು ಥರ, ಆಫ್ ಮಾಡಿದಾಗ ಇನ್ನೊಂದು ಥರ. ಮಿಕ್ಸ್ ಮುಗಿದ ಮೇಲೆ ಕೇಳುಗರಿಗೆ ಹೇಗೆ ಕೇಳಬಹುದು ಅಂತ ನೋಡಲು ಮಾತ್ರ ಖಂಡಿತ ಬಳಸಿ. ಲೋಕಲ್‌ನಲ್ಲಿ ಹೋಗುವಾಗ ನಿಮ್ಮ ಹಾಡಿನ ಪದಗಳು ಅದರಲ್ಲಿ ತಿಳಿದರೆ ಒಳ್ಳೆಯ ಲಕ್ಷಣ.

ಪ್ರಶ್ನೆ: ನಾವು ವಾಸ್ಕೋದಲ್ಲಿದ್ದೇವೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೆಡ್‌ಫೋನ್ ಪ್ಯಾಡ್‌ನ ಕಪ್ಪು ಸಿಪ್ಪೆ ಎದ್ದು ಕಿವಿಗೆಲ್ಲ ಅಂಟುತ್ತಿದೆ. ಬೇರೆ ಕಂಪನಿಯ ವೆಲ್ವೆಟ್ ಪ್ಯಾಡ್ ಹಾಕಿದರೆ ಸದ್ದು ಬದಲಾಗುತ್ತದಾ?

ಉತ್ತರ: ಬದಲಾಗುತ್ತದೆ, ಅದೂ ಚೆನ್ನಾಗೇ ಗೊತ್ತಾಗುವಷ್ಟು. ನಿಮ್ಮದು ಚರ್ಮವಲ್ಲ, ಪಾಲಿಯುರೆಥೇನ್ ಲೇಪ. ಗಾಳಿಯ ತೇವ, ಬೆವರು ಎರಡೂ ಸೇರಿ ಅದನ್ನು ಒಡೆಯುತ್ತವೆ. ಗೋವಾದ ಕರಾವಳಿಯಲ್ಲಿ ಇದು ಬೇಗ ಆಗುತ್ತದೆ. ವೆಲ್ವೆಟ್ ಗಾಳಿ ಬಿಡುತ್ತದೆ, ಆರಾಮವೂ ಹೌದು, ಆದರೆ ಕ್ಲೋಸ್ಡ್ ಹೆಡ್‌ಫೋನ್‌ಗೆ ಹಾಕಿದರೆ ಸಾಮಾನ್ಯವಾಗಿ ಬಾಸ್ ಇಳಿಯುತ್ತದೆ. ಪ್ಯಾಡಿನ ದಪ್ಪ ಬದಲಾದರೂ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಮತ್ತು ಕಿವಿಯ ನಡುವಿನ ದೂರ ಬದಲಾಗಿ ಟ್ರೆಬಲ್ ಬೇರೆಯಾಗುತ್ತದೆ. ಕೆಲಸಕ್ಕೆ ಬಳಸುವುದಾದರೆ ಕಂಪನಿಯದೇ ಪ್ಯಾಡ್ ತರಿಸಿ. ಕೆಲವು ಮಾಡೆಲ್‌ಗಳಲ್ಲಿ ಪ್ಯಾಡ್ ಒಳಗೆ, ಡ್ರೈವರ್ ಮೇಲೆ, ತೆಳು ಸ್ಪಂಜು ಇರುತ್ತದೆ. ಧೂಳಿಗೆ ಹಾಕಿದ್ದು ಅಂತ ಅದನ್ನು ತೆಗೆದು ಬಿಸಾಡಬೇಡಿ, ಟ್ರೆಬಲ್ ಚೂಪಾಗುತ್ತದೆ. ಪ್ರತಿ ಸಲ ಬಳಸಿದ ಮೇಲೆ ಒಣಬಟ್ಟೆಯಲ್ಲಿ ಬೆವರು ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಡಬ್ಬದಲ್ಲಿಡಿ. ಪ್ಯಾಡ್ ಬದಲಿಸುವಾಗ ಎರಡೂ ಕಡೆ ಒಟ್ಟಿಗೇ ಬದಲಿಸಿ. ಒಂದೇ ಕಡೆ ಹೊಸತು ಹಾಕಿದರೆ ಎಡಕ್ಕೊಂದು, ಬಲಕ್ಕೊಂದು ಬಾಸ್ ಆಗಿ ಹಾಡುವವರ ಧ್ವನಿ ನಡುವೆ ನಿಲ್ಲದೆ ಪಕ್ಕಕ್ಕೆ ಜರುಗಿದ ಹಾಗೆ ಕೇಳುತ್ತದೆ.