ಜೋಳ–ತೊಗರಿ ಸಾಲುಗಳಿಗೆ ಗೊಬ್ಬರ ಹಂಚುವ ಲೆಕ್ಕ

ಮಳೆಯನ್ನೇ ನಂಬಿದ ಹೊಲದಲ್ಲಿ ಎರಡು ಸಾಲು ಜೋಳಕ್ಕೆ ಒಂದು ಸಾಲು ತೊಗರಿ ಹಾಕುತ್ತಿದ್ದೇನೆ, ಕೊಟ್ಟಿಗೆ ಗೊಬ್ಬರ, ರಾಸಾಯನಿಕ ಗೊಬ್ಬರ, ಜೀವಾಣು ಗೊಬ್ಬರ ಮೂರನ್ನೂ ಹೇಗೆ ಹೊಂದಿಸಿದರೆ ಹಾಕಿದ ದುಡ್ಡು ಹುಟ್ಟುತ್ತದೆ ಎಂದು ಕೇಳಿದ್ದೀರಿ. ಇದೇ ಜೋಡಿಯನ್ನು ನಾನೂ ಹಲವು ವರ್ಷಗಳಿಂದ ಬೆಳೆಯುತ್ತಿದ್ದೇನೆ. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ, ನಿಮಗೆ ಅಷ್ಟಾದರೂ ಉಳಿತಾಯವಾಗಲಿ.

ಮೊದಮೊದಲು ಹೊಲಕ್ಕೆಲ್ಲ ಒಂದೇ ಸಮನೆ ಯೂರಿಯಾ ಎರಚುತ್ತಿದ್ದೆ. ತೊಗರಿ ಕಡು ಹಸಿರಾಗಿ ನಿಲ್ಲುತ್ತಿತ್ತು, ಕಣ್ಣಿಗೆ ಹಬ್ಬ. ಒಂದು ಸಲ ಕಳೆ ತೆಗೆಯುವಾಗ ಅನುಮಾನ ಬಂದು ನಾಲ್ಕು ಗಿಡಗಳನ್ನು ಹಾರೆಯಿಂದ ಮಣ್ಣುಸಮೇತ ಎಬ್ಬಿಸಿ, ಬಕೆಟ್ ನೀರಿನಲ್ಲಿ ಬೇರು ಅದ್ದಿ ತೊಳೆದೆ. ಬೇರುಗಂಟುಗಳು ಬೆರಳೆಣಿಕೆಯಷ್ಟೇ ಇದ್ದವು. ಉಗುರಿನಿಂದ ಸೀಳಿದರೆ ಒಳಗೆಲ್ಲ ಬಿಳಿ. ಕೆಲಸ ಮಾಡುವ ಗಂಟಿನ ಒಳಗೆ ನಸುಗೆಂಪು ಇರಬೇಕು. ಈ ಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಹಿಡಿದುಕೊಡುವ ಜೀವಾಣುವೇ ರೈಜೋಬಿಯಂ. ಮಣ್ಣಿನಲ್ಲಿ ನೈಟ್ರೇಟ್ ರೂಪದ ಸಾರಜನಕ ಧಾರಾಳವಾಗಿ ಸಿಕ್ಕರೆ ಗಿಡ ತನ್ನ ಸಕ್ಕರೆ ಕೊಟ್ಟು ಅದನ್ನು ಸಾಕುವ ಗೋಜಿಗೇ ಹೋಗುವುದಿಲ್ಲ. ಗಾಳಿಯಿಂದ ಪುಕ್ಕಟೆ ಬರುವ ಸಾರಜನಕವನ್ನು ನಾನು ದುಡ್ಡು ಕೊಟ್ಟು ತಡೆಯುತ್ತಿದ್ದೆ.

ಆಮೇಲಿನಿಂದ ಹೊಲ ನೋಡಿ ಅಲ್ಲ, ಸಾಲು ನೋಡಿ ಗೊಬ್ಬರ ಕೊಡುತ್ತೇನೆ. ಸಾರಜನಕ ಜೋಳದ ಸಾಲಿಗೆ ಮಾತ್ರ. ರಂಜಕ ಎರಡಕ್ಕೂ, ಅದರಲ್ಲೂ ತೊಗರಿಗೆ ತಪ್ಪಿಸುವಂತಿಲ್ಲ. ಗಂಟು ಕಟ್ಟುವುದಕ್ಕೆ, ಆ ಗಂಟು ದುಡಿಯುವುದಕ್ಕೆ ರಂಜಕ ಬೇಕೇ ಬೇಕು. ರಂಜಕಕ್ಕೆ ಡಿಎಪಿಗಿಂತ (ಡೈಅಮೋನಿಯಂ ಫಾಸ್ಫೇಟ್) ಸಿಂಗಲ್ ಸೂಪರ್ ಫಾಸ್ಫೇಟ್ ನನಗೆ ಇಷ್ಟ. ರಂಜಕ ಅದರಲ್ಲಿ ಶೇ. 16 ಮಾತ್ರ, ಚೀಲ ಹೊರುವ ಕೆಲಸ ಜಾಸ್ತಿ. ಆದರೆ ಅದರ ಜೊತೆಗೆ ಬರುವ ಗಂಧಕ ಬೇಳೆಕಾಳಿಗೆ ಒಳ್ಳೆಯದು. ಡಿಎಪಿಯನ್ನೇ ಹಾಕುವುದಾದರೆ ಅದರಲ್ಲಿರುವ ಶೇ. 18 ಸಾರಜನಕವನ್ನು ಯೂರಿಯಾ ಲೆಕ್ಕದಿಂದ ಕಳೆಯಿರಿ. ರಂಜಕ ಹಾಕಿದ ಜಾಗದಿಂದ ಹೆಚ್ಚು ಸರಿದಾಡುವುದಿಲ್ಲ, ಹಾಗಾಗಿ ಎರಚಿದರೆ ಬೇರಿಗೆ ಸರಿಯಾಗಿ ದಕ್ಕುವುದಿಲ್ಲ. ಬಿತ್ತುವಾಗಲೇ ಬೀಜದ ಪಕ್ಕ, ಸ್ವಲ್ಪ ಕೆಳಗೆ ಬೀಳಬೇಕು.

ಇನ್ನು ಕೊಟ್ಟಿಗೆ ಗೊಬ್ಬರ. ಇದರ ಬಗ್ಗೆ ಹೊಗಳುವವರು, ತೆಗಳುವವರು ಇಬ್ಬರೂ ಉತ್ಪ್ರೇಕ್ಷೆ ಮಾಡುತ್ತಾರೆ. ಸಾಧಾರಣ ಗೊಬ್ಬರದಲ್ಲಿ ಸಾರಜನಕ ಶೇ. 0.5ರ ಆಸುಪಾಸು. ಎಕರೆಗೆ 4 ಟನ್ ಹಾಕಿದರೆ ಸುಮಾರು 20 ಕಿಲೋ ಸಾರಜನಕ ಹೋದಂತಾಯಿತು, ಆದರೆ ಮೊದಲ ಬೆಳೆಗೆ ದಕ್ಕುವುದು ಅದರ ಕಾಲು ಭಾಗದಷ್ಟು, ಅಂದರೆ 5 ಕಿಲೋ. ಅಷ್ಟನ್ನು 11 ಕಿಲೋ ಯೂರಿಯಾ ಕೊಡುತ್ತದೆ. ಸಾರಜನಕದ ಲೆಕ್ಕವೊಂದನ್ನೇ ನೋಡಿದರೆ ಗಾಡಿ ಬಾಡಿಗೆಯೂ ಗಿಟ್ಟುವುದಿಲ್ಲ. ಹಾಗಾದರೆ ಏಕೆ ಹಾಕಬೇಕು? ಮಳೆ ಹತ್ತು ಹನ್ನೆರಡು ದಿನ ಕೈಕೊಟ್ಟಾಗ ಗೊಬ್ಬರ ಕಂಡ ಮಣ್ಣಿನ ಹದ ಬೇಗ ಆರುವುದಿಲ್ಲ, ಪೊಟ್ಯಾಷ್ ಮತ್ತು ಸತುವಿನಂಥ ಸಣ್ಣಪುಟ್ಟ ಪೋಷಕಾಂಶಗಳೂ ಸಿಗುತ್ತವೆ, ಮುಂದಿನ ಬೆಳೆಗೂ ಉಳಿಯುತ್ತದೆ. ಒಂದೇ ಹಂಗಾಮಿನ ಖಾತೆಯಲ್ಲಿ ಅದನ್ನು ಬರೆದರೆ ನಷ್ಟವೇ ಕಾಣುತ್ತದೆ. ಸಾಕಷ್ಟು ಇಲ್ಲದಿದ್ದರೆ ಹೊಲವೆಲ್ಲ ಚೆಲ್ಲದೆ ಬಿತ್ತುವ ಸಾಲಿಗೇ ಬಿಡಿ.

ಒಂದು ಎಚ್ಚರಿಕೆ: ಕಡ್ಡಿ ಕಡ್ಡಿಯಾಗಿ ಕಾಣುವ ಅರೆಕೊಳೆತ ಗೊಬ್ಬರವನ್ನು ಬಿತ್ತನೆಯ ಹೊತ್ತಿಗೆ ಹಾಕಬೇಡಿ. ಅದನ್ನು ಕೊಳೆಸಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಎಳೆಯ ಜೋಳ ಹಳದಿಗೆ ತಿರುಗುತ್ತದೆ. ಚೆನ್ನಾಗಿ ಕಳಿತದ್ದನ್ನು ಬಿತ್ತನೆಗೆ ಎರಡು ಮೂರು ವಾರ ಮೊದಲು ಮಣ್ಣಿಗೆ ಸೇರಿಸಿ.

ಮೂರನ್ನೂ ಕೂಡಿಸುವ ಬಗೆ ಹೀಗೆ. ಮಣ್ಣು ಪರೀಕ್ಷೆಯ ಪ್ರಕಾರ ನಿಮ್ಮ ಜೋಳದ ಸಾಲುಗಳಿಗೆ ಎಕರೆಗೆ ಒಟ್ಟು 20 ಕಿಲೋ ಸಾರಜನಕ ಬೇಕು ಎಂದಿಟ್ಟುಕೊಳ್ಳಿ. 5 ಕಿಲೋ ಕೊಟ್ಟಿಗೆ ಗೊಬ್ಬರದಿಂದ ಬಂತು. ಉಳಿದ 15 ಕಿಲೋಗೆ ಸುಮಾರು 33 ಕಿಲೋ ಯೂರಿಯಾ. ಅದರಲ್ಲಿ ಅರ್ಧವನ್ನು ಬಿತ್ತುವಾಗ ಕೊಡಿ. ಇನ್ನರ್ಧವನ್ನು ಮನೆಯಲ್ಲೇ ಇಟ್ಟುಕೊಳ್ಳಿ, ಲಾಭದ ಗುಟ್ಟು ಇರುವುದು ಆ ಚೀಲದಲ್ಲಿ. ಜೋಳಕ್ಕೆ ಒಂದು ತಿಂಗಳಾಗುವ ಹೊತ್ತಿಗೆ ಒಳ್ಳೆಯ ಮಳೆ ಬಿದ್ದು ಹದ ಇದ್ದರೆ ಸಾಲಿನ ಪಕ್ಕ ಹಾಕಿ, ಅಂದೇ ಎಡೆಕುಂಟೆ ಹೊಡೆದು ಮಣ್ಣು ಮುಚ್ಚಿ. ತೇವದ ನೆಲದ ಮೇಲೆ ಬಿಸಿಲಿಗೆ ಬಿಟ್ಟ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತದೆ. ಮಳೆ ಬಾರದಿದ್ದರೆ ಹಾಕಲೇಬೇಡಿ. ನೀರಿಲ್ಲದ ಬೆಳೆಗೆ ಅದು ಊಟವಾಗುವುದಿಲ್ಲ, ಚೀಲ ಮುಂದಿನ ಹಂಗಾಮಿಗೆ ಇರುತ್ತದೆ. ಎಲ್ಲವನ್ನೂ ಬಿತ್ತನೆಯ ದಿನವೇ ಸುರಿದವರಿಗೆ ಈ ಆಯ್ಕೆ ಇರುವುದಿಲ್ಲ.

ಜೀವಾಣು ಗೊಬ್ಬರ ಅಗ್ಗ, ಆದರೆ ಅದು ಜೀವಂತ ಎಂಬುದನ್ನು ಮರೆತರೆ ಕೆಟ್ಟಿತು. ತೊಗರಿಗೆ ಹೊಂದುವ ರೈಜೋಬಿಯಂ, ಎರಡೂ ಬೀಜಕ್ಕೆ ರಂಜಕ ಕರಗಿಸುವ ಜೀವಾಣು. ತಣ್ಣಗಾದ ಬೆಲ್ಲದ ನೀರಿನಲ್ಲಿ ಕಲಸಿ ಬೀಜಕ್ಕೆ ತೆಳ್ಳಗೆ ಅಂಟುವಂತೆ ಹಚ್ಚಿ, ನೆರಳಲ್ಲಿ ಆರಿಸಿ, ತಡಮಾಡದೆ ಬಿತ್ತಿ. ಶಿಲೀಂಧ್ರನಾಶಕ ಹಚ್ಚುವುದಿದ್ದರೆ ಅದು ಮೊದಲು, ರೈಜೋಬಿಯಂ ಕೊನೆಗೆ. ಒಂದು ವರ್ಷ ನಾನು ಹೀಗೆ ಹಚ್ಚಿದ ಬೀಜವನ್ನೂ ಡಿಎಪಿಯನ್ನೂ ಒಟ್ಟಿಗೆ ಕಲಸಿ ಒಂದೇ ಕೂರಿಗೆ ಬಟ್ಟಲಿಗೆ ಸುರಿದೆ. ಲವಣ ತಾಗಿ ಜೀವಾಣು ಸತ್ತಿರಬೇಕು, ಮೊಳಕೆಯೂ ತೆಳುವಾಯಿತು.

ತೊಗರಿ ಪಕ್ಕದ ಜೋಳಕ್ಕೆ ಸಾರಜನಕ ಉಣಿಸುತ್ತದೆ ಎಂಬ ಮಾತನ್ನು ನಂಬಿ ಯೂರಿಯಾ ಪೂರ್ತಿ ಬಿಡಬೇಡಿ. ಅದೇ ಹಂಗಾಮಿನಲ್ಲಿ ದಾಟುವ ಪಾಲು ಕಡಿಮೆ. ಉದುರಿದ ಎಲೆ, ಕೊಳೆತ ಬೇರಿನ ಲಾಭ ಮುಂದಿನ ಬೆಳೆಗೆ. ಈ ಜೋಡಿ ಹೊಂದುವುದಕ್ಕೆ ಬೇರೆ ಕಾರಣವಿದೆ: ತೊಗರಿ ಮೊದಲ ಒಂದೂವರೆ ಎರಡು ತಿಂಗಳು ನಿಧಾನವಾಗಿ ಬೆಳೆಯುತ್ತದೆ, ಅಷ್ಟರಲ್ಲಿ ಜೋಳ ತನ್ನ ಪಾಲು ಮುಗಿಸಿಕೊಳ್ಳುತ್ತದೆ. ಜೋಳ ಕೊಯ್ದ ಮೇಲೆ ತೊಗರಿ ಆಳದ ಬೇರಿನಿಂದ ಉಳಿದ ತೇವವನ್ನು ಹೀರಿ ಕವಲೊಡೆಯುತ್ತದೆ. ಹೂವಿನ ಹೊತ್ತಿಗೆ ಸೊರಗಿದಂತೆ ಕಂಡರೆ ಲೀಟರಿಗೆ 20 ಗ್ರಾಂ ಡಿಎಪಿಯನ್ನು ರಾತ್ರಿ ನೆನೆಸಿ, ಬೆಳಿಗ್ಗೆ ತಿಳಿ ಸೋಸಿ ಸಿಂಪಡಿಸಿ.

ಈ ವರ್ಷವೇ ಒಂದು ಕೆಲಸ ಮಾಡಿ. ಹೊಲದ ನಡುವೆ ನಾಲ್ಕು ಸಾಲು ಜೋಳಕ್ಕೆ ಎರಡನೇ ಕಂತಿನ ಯೂರಿಯಾ ಹಾಕದೆ ಗೂಟ ನೆಟ್ಟು ಬಿಡಿ. ಕೊಯ್ಲಿನಲ್ಲಿ ಆ ಸಾಲುಗಳ ಕಾಳನ್ನೂ ಪಕ್ಕದ ನಾಲ್ಕು ಸಾಲಿನ ಕಾಳನ್ನೂ ಬೇರೆ ಬೇರೆ ತೂಗಿ. ಹೆಚ್ಚಾದ ಕಾಳಿನ ಬೆಲೆ ಆ ಸಾಲುಗಳಿಗೆ ಹಾಕಿದ ಗೊಬ್ಬರ ಮತ್ತು ಕೂಲಿಯನ್ನು ಮೀರದಿದ್ದರೆ, ನಿಮ್ಮ ಮಣ್ಣಿಗೆ ನಾನು ಹೇಳಿದ 33 ಕಿಲೋ ಕೂಡ ಹೆಚ್ಚೇ.